ಅಕ್ಕೋರು ಅಂಜಿದ ದಿನ

ನಮ್ಮ ಅಕ್ಕೋರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಸದಾ ಕಂದಾಗಿರುತ್ತಿದ್ದವು. ಹೊಸಬರು ನೋಡಿದರೆ ತಂಬಾಕು ತಿಕ್ಕುತ್ತಾರೇನೋ ಅಂದುಕೊಳ್ಳಬೇಕು. ಅದು ಅಯೋಡಿನ್ ಕಲೆ. ವಿಜಯಪುರದ ಜಲನಗರದಲ್ಲಿ ನಮ್ಮ ಎದುರುಮನೆ ಅವರದು. ಔಷಧ ಕಾಲೇಜೊಂದರಲ್ಲಿ ಗಿಡಮೂಲಿಕೆಗಳ ಸಾರ ತೆಗೆದು, ಅದರಲ್ಲಿ ಏನೇನಿದೆ ಎಂದು ಬಿಡಿಸಿ ನೋಡುವುದನ್ನು ಕಲಿಸುತ್ತಿದ್ದರು. ಹಾಗಾಗಿ ಓಣಿಗೆಲ್ಲ ಅಕ್ಕೋರು.

ಅವರಿಗೆ ಸಿಕ್ಕಿದ್ದನ್ನೆಲ್ಲ ಮೂಸುವ ರೂಢಿ. ನಮ್ಮ ಅಡುಗೆಮನೆಗೆ ಬಂದರೆ ಮಸಾಲೆ ಖಾರದ ಡಬ್ಬಿ ತೆರೆದು, ಮೂಗು ಹತ್ತಿರ ಒಯ್ಯದೆ, ಅಂಗೈಯಿಂದ ಗಾಳಿ ತಮ್ಮ ಕಡೆ ಎಳೆದುಕೊಂಡು ವಾಸನೆ ನೋಡುವರು. ನಾನೋ ಅಂಜುಬುರುಕಿ. ಕುಕ್ಕರಿನ ಸೀಟಿ ತಡವಾದರೂ ಎದೆ ಹೊಡೆದುಕೊಳ್ಳುತ್ತದೆ. ಆಗೆಲ್ಲ ಅವರದು ಒಂದೇ ಮಾತು: "ತಡೀರಿ ವೈನಿ. ಮೊದಲ ನೋಡೂಣು, ಆಮ್ಯಾಲ ಅಂಜೂಣು."

ನನ್ನ ಅವ್ವ ಘೋಣಸಗಿಯಲ್ಲಿ ತಮ್ಮನ ಮನೆಯಲ್ಲಿರುತ್ತಾಳೆ. ಮೊಣಕಾಲು ನೋವಿಗೆಂದು ಟಿಕೋಟಾ ಸಂತೆಯಲ್ಲಿ ಕೂಡುವ ಒಬ್ಬನಿಂದ ಬೇರಿನ ಪುಡಿ ತರಿಸಿ, ಬಹಳ ತಿಂಗಳಿಂದ ಜೇನುತುಪ್ಪದಲ್ಲಿ ನೆಕ್ಕುತ್ತಿದ್ದಳು. ಗೋಡೆ ಹಿಡಿದು ಏಳುತ್ತಿದ್ದವಳು ಒಲೆ ಮುಂದೆ ಕೂತು ರೊಟ್ಟಿ ಬಡಿಯುವಂತಾದಳು. ಮುಖ ದುಂಡಗೆ ತುಂಬಿಕೊಂಡಿತು. ನಾವೆಲ್ಲ ಹಿಗ್ಗಿದೆವು. ಒಮ್ಮೆ ನಮ್ಮಲ್ಲಿಗೆ ಬಂದಾಗ ಅಕ್ಕೋರಿಗೂ ಆ ಪುಡಿ ತೋರಿಸಿ, ನಿಮಗೂ ತರಿಸಲೇನು ಎಂದಳು. ಅಕ್ಕೋರು ಪುಡಿಗಿಂತ ಮೊದಲು ಅವಳ ಮುಖ ನೋಡಿದರು, ತೋಳು ಹಿಡಿದು ನೋಡಿದರು. ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತೆ ತೆಳುವಾಗಿ, ಬಳೆ ತಾಗಿದಲ್ಲೆಲ್ಲ ನೀಲಿಗಟ್ಟಿತ್ತು. ಯಾವ ಬೇರು ಎಂದು ಕೇಳಿದರು.

"ಹೆಸರು ಹೇಳಿದ್ರ ಗುಣಾ ಹೋಗತದಂತ್ರಿ. ನಾ ಕೇಳೇ ಇಲ್ಲ" ಎಂದಳು ಅವ್ವ.

"ಹಂಗಾದ್ರ ನೀವ್ ಹೇಳಬ್ಯಾಡ್ರಿ. ಪುಡೀನ ಹೇಳಲಿ" ಎಂದು ನಕ್ಕು, ಚಮಚೆಯಷ್ಟನ್ನು ಕಾಗದದಲ್ಲಿ ಕಟ್ಟಿಕೊಂಡರು. ಅವ್ವ ಊರಿಗೆ ಹೋದಳು. ನಾನು ಮರೆತೂಬಿಟ್ಟೆ.

ಕೆಲವು ದಿನಗಳ ಮೇಲೆ ಮಟಮಟ ಮಧ್ಯಾಹ್ನ ಅಕ್ಕೋರು ಕಾಲೇಜಿನಿಂದ ನೆಟ್ಟಗೆ ನಮ್ಮ ಮನೆಗೇ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಗಾಜಿನ ಚೂರು. ಅದರ ಮೇಲೆ ಸುಣ್ಣ ಬಳಿದಂಥ ಬಿಳಿ ಲೇಪ. ಒಂದು ಸಾಲಿನಲ್ಲಿ ಅವ್ವನ ಪುಡಿಯ ಸಾರ, ಪಕ್ಕದ ಸಾಲಿನಲ್ಲಿ ಔಷಧಿ ಅಂಗಡಿಯ ಒಂದು ಗುಳಿಗೆಯ ಸಾರ ಹಚ್ಚಿ ಮೇಲಕ್ಕೆ ಏರಲು ಬಿಟ್ಟಿದ್ದರಂತೆ. ಅಯೋಡಿನ್ ಹೊಗೆಯಲ್ಲಿ ಮೂಡಿದ ಕಲೆಗಳು ಆರಿಹೋಗುತ್ತವೆಂದು ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಪುಡಿಯ ಸಾಲಿನಲ್ಲಿ ಬೇರಿನ ಕಲೆಗಳು ಒಂದರೊಳಗೊಂದು ಕಲಸಿದ್ದವು. ಅವುಗಳಿಂದ ಬೇರೆಯಾಗಿ ಒಂದು ಕಲೆ, ಗುಳಿಗೆಯ ಕಲೆ ಎಷ್ಟು ಎತ್ತರಕ್ಕಿತ್ತೋ ಅಷ್ಟೇ ಎತ್ತರಕ್ಕಿತ್ತು.

"ಯಾವ ಬೇರಿನಾಗೂ ಇದು ಇರಂಗಿಲ್ಲ ವೈನಿ. ಇದು ಆ ಗುಳಿಗ್ಯಾಗಿನ ಸ್ಟಿರಾಯ್ಡ್. ದೊಡ್ಡ ಮಶೀನಿನಾಗ ಇನ್ನೊಮ್ಮೆ ನೋಡಬೇಕು, ಆದ್ರ ನನಗ ಸಂಶೇ ಇಲ್ಲ."

ನಾನು ಸಮಾಧಾನದಿಂದಲೇ, ಅವ್ವ ಅದನ್ನು ಹೇಗೂ ಬಿಟ್ಟಿದ್ದಾಳೆ ಎಂದೆ. ಕಾಖಂಡಕಿಯಲ್ಲಿ ಅಪ್ಪನ ಕಡೆಯ ದಾಯಾದಿಯೊಬ್ಬರು ತೀರಿಕೊಂಡಿದ್ದರು. ಸೂತಕದಲ್ಲಿ ನಾಟಿ ಔಷಧಿ ಮುಟ್ಟಿದರೆ ಅದರ ಗುಣ ಕೆಡುತ್ತದೆಂದು ಅವ್ವ ಪುಡಿಯ ಗಂಟನ್ನು ಗೂಟಕ್ಕೆ ನೇತುಹಾಕಿದ್ದಳು.

ಅಕ್ಕೋರು ಗಾಜನ್ನು ಮೇಜಿನ ಮೇಲಿಟ್ಟು, ನನ್ನ ಫೋನು ತಂದು ನನ್ನ ಕೈಗೆ ತುರುಕಿದರು. ಅವರು ಅಂಜಿದ್ದನ್ನು ನಾನು ನೋಡಿದ್ದು ಅಂದೇ.

"ಒಮ್ಮಿಗ್ಲೇ ಬಿಡಬಾರದ್ರಿ ಇದನ್ನ. ಹೊರಗಿಂದ ದಿನಾ ಬರತದಂತ ಮೈ ತನ್ನೊಳಗ ತಾನ ಮಾಡ್ಕೊಳ್ಳೂದು ನಿಲ್ಲಿಸಿರತದ. ಫೋನ್ ಹಚ್ರಿ ಮೊದಲ."

ತಮ್ಮನ ಹೆಂಡತಿ ಎತ್ತಿದಳು. ಅತ್ತೆ ನಿನ್ನೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ನೀರು ಕುಡಿದರೂ ವಾಂತಿ, ಸಾವಿನ ಮನೆಗೆ ಓಡಾಡಿದ ದಣಿವೆಂದು ಮಲಗಿಸಿದ್ದೇವೆ ಎಂದಳು. ಅಕ್ಕೋರು ಫೋನು ಕಸಿದುಕೊಂಡು, ಸಿಕ್ಕ ಗಾಡಿಯಲ್ಲಿ ಈಗಲೇ ವಿಜಯಪುರಕ್ಕೆ ಕರೆತನ್ನಿ ಎಂದರು.

ಆಸ್ಪತ್ರೆಯ ಗೇಟಿನಲ್ಲಿ ಕಾದು ನಿಂತೆವು. ಬಂದ ಪ್ರತಿ ಗಾಡಿಯಲ್ಲೂ ಅವ್ವನ ಹೆಣವೇ ಇದ್ದಂತೆ ಅನಿಸುತ್ತಿತ್ತು. ಅಕ್ಕೋರು ನನಗೆ ಧೈರ್ಯ ಹೇಳಲಿಲ್ಲ. "ತಾವಾಗೇ ಬಿಡಬ್ಯಾಡ್ರಿ ಅಂತ ಆವತ್ತ ಹೇಳಬೇಕಿತ್ತು ನಾನು" ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಅವ್ವ ಬಂದಾಗ ಅವಳ ಕೈ ಬಿಂದಿಗೆಯ ನೀರಿನಂತೆ ತಣ್ಣಗಿತ್ತು. ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಅಕ್ಕೋರು ಗಾಜು ತೋರಿಸಿ ಎಲ್ಲ ಹೇಳಿದರು. ಸಲಾಯಿನ್ ಏರಿತು, ಇಂಜೆಕ್ಷನ್ ಆಯಿತು. ಅದರಲ್ಲೇನಿದೆ ಎಂದು ಅಕ್ಕೋರನ್ನು ಕೇಳಿದೆ.

"ಪುಡ್ಯಾಗಿತ್ತಲ್ಲ, ಅದ ಜಾತೀದು. ಈಗ ಅದ ಬೇಕ್ರಿ."

ಸಂಜೆ ಅವ್ವ ನನ್ನ ಹೆಸರು ಹಿಡಿದು ಕರೆದು ಚಹಾ ಕೇಳಿದಳು. ಅಕ್ಕೋರು ಆಗ ಕುರ್ಚಿಯ ಮೇಲೆ ಕೂತರು. ಅಂದಿನಿಂದ, ಮೊದಲು ನೋಡೋಣ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಯಾರ ಮನೆಯಲ್ಲಿ ಪುಡಿ ಕಂಡರೂ, ತಾವಾಗಿ ಬಿಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರು.

ಅವ್ವನಿಗೆ ಡಾಕ್ಟರು ಬರೆದುಕೊಟ್ಟ ಅದೇ ಜಾತಿಯ ಒಂದು ಸಣ್ಣ ಗುಳಿಗೆ ಬೆಳಿಗ್ಗೆ ಇನ್ನೂ ಬಿಟ್ಟಿಲ್ಲ. ಅಕ್ಕೋರು ಮಾತ್ರ ಈ ಬೇಸಿಗೆಯಲ್ಲಿ, ಕಾಲೇಜಿಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದವರು ಎದೆ ಒತ್ತಿಕೊಂಡು ಕುಸಿದರು, ಆಸ್ಪತ್ರೆಯವರೆಗೆ ಉಳಿಯಲಿಲ್ಲ. ಸುದ್ದಿ ಕೇಳಿ ಅವ್ವ ಅಂದೇ ಬಂದಳು. ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ. ಆದರೂ ಸೂತಕ ಹಿಡಿದು ಕೂತಳು. ತಲೆಗೆ ಎಣ್ಣೆಯಿಲ್ಲ, ದೇವರ ಮುಂದೆ ದೀಪವಿಲ್ಲ. ಮರುದಿನ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಸಂಚಿಯಿಂದ ಗುಳಿಗೆ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಏನ್ ನೋಡ್ತೀ ಬೇ? ನೀರ್ ತಾ. ಸೂತಕಂತ ಬಿಟ್ರ ಅಕ್ಕೋರು ಅಂಜತಾರ."