ಅಚ್ಚಿನ ಬೀದಿಯಿಂದ ಅಜ್ಜಿಯನ್ನು ಕೆತ್ತಿ ತೆಗೆದವಳು

ಅನಘಾ, ನಿನ್ನ ಅಚ್ಚಿನ ಹಲಗೆಯನ್ನು ಕೆಡಿಸಿದ್ದು ನಿನ್ನ ಅಜ್ಜಿಯಲ್ಲ. ನಾನು. ಅಡುಗೆಮನೆಯ ಚಾಕುವಿನಿಂದ, ಹಾಡಹಗಲಿನಲ್ಲಿ, ಪೂರ್ತಿ ಎಚ್ಚರದಲ್ಲಿ.

ನೀನು ಶಾಲೆಗೆ ಹೋಗುತ್ತಿದ್ದ ಕಾಲದ ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೇ ಇತ್ತು. ನಿನ್ನ ಡಬ್ಬಿಗೆ ಚಪಾತಿ ಸುತ್ತಿಟ್ಟೆ. ಟ್ರಾಫಿಕ್ ಆಗುವ ಮೊದಲೇ ಅಪ್ಪ ಕಾರು ತೆಗೆದರು. ನೀನು ಒಂದು ಸಾಕ್ಸನ್ನು ಕೈಯಲ್ಲೇ ಹಿಡಿದು ಬಸ್ಸಿಗೆ ಓಡಿದೆ. ರಬ್ಬರಿನಂತೆ ಮೆತ್ತಗಿನ ಆ ಲಿನೋ ಹಲಗೆ ಊಟದ ಮೇಜಿನ ಮೇಲೆ ಉಳಿಯಿತು—ಸಂಜೆ ಬಂದು ಕೊನೆಯ ಗೆರೆಗಳನ್ನು ಕೆತ್ತುವುದಿತ್ತು, ಮರುದಿನ ಶಾಲೆಯಲ್ಲಿ ಶಾಯಿ ಹಚ್ಚಿ ಪ್ರದರ್ಶನಕ್ಕೆ ಅಚ್ಚು ತೆಗೆಯುವುದಿತ್ತು.

ಅತ್ತೆ ಎಂದಿನಂತೆ ಈಳಿಗೆಮಣೆ, ಮೆಂತ್ಯದ ಕಟ್ಟು ಹಿಡಿದು ಡ್ರೈವ್‌ವೇ ತುದಿಗೆ ಹೋಗಿ ಕೂತರು. ಈ ಪರದೇಶದಲ್ಲಿ, ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಮುಂದೂ ಬೇಲಿಯಿಲ್ಲವಲ್ಲ. ಒಂದು ಕಾಲು ಮಣೆಯ ಮೇಲೆ, ಇನ್ನೊಂದು ಚಾಚಿ, ಸೀರೆ ಮೊಣಕಾಲಿಗೆ—ಹೋಗಿಬರುವವರನ್ನೆಲ್ಲ ಧಾರವಾಡದ ಕನ್ನಡದಲ್ಲಿ ಮಾತಾಡಿಸುತ್ತ. ಹಿತ್ತಲಲ್ಲಿ ಕೂರಿ ಎಂದು ನಾನು ಎಷ್ಟೋ ಸಲ ಮೆತ್ತಗೆ ಹೇಳಿದ್ದೆ. “ಹಿತ್ತಲದಾಗ ಕುಂತು ಗ್ವಾಡಿ ಜೋಡಿ ಮಾತಾಡ್ಲೇನು?” ಎಂದಿದ್ದರು.

ನಿಮ್ಮ ಆರ್ಟ್ ಟೀಚರ್ ಫ್ರೆಂಚ್ ಕಲಾವಿದನೊಬ್ಬನ ಅಚ್ಚುಚಿತ್ರಗಳ ಪುಸ್ತಕ ಕೊಟ್ಟಿದ್ದರು. ನೂರು ವರ್ಷಕ್ಕೂ ಹಿಂದಿನ ಪ್ಯಾರಿಸ್ ಬೀದಿಗಳು, ಬರೀ ಕಪ್ಪು ಬಿಳುಪು. ಗಾಳಿಗೆ ಟೊಪ್ಪಿಗೆ ಒತ್ತಿ ಹಿಡಿದು ಓಡುವವರು, ಅಂಗಡಿಯ ಮುಂದೆ ನೂಕಾಡುವ ಹೆಂಗಸರು, ಲಂಗ ಎತ್ತಿ ಕೆಸರು ದಾಟುವವಳು. ಎಷ್ಟು ಜೀವ ಇದೆ ನೋಡು ಎಂದು ನಾನೇ ನಿನಗೆ ತೋರಿಸಿ ಹೊಗಳಿದ್ದೆ. ಪ್ಯಾರಿಸ್ಸಿನವಳ ಮೊಣಕಾಲು ಕಲೆ. ನನ್ನ ಅತ್ತೆಯದು—

ನೀನು ಅವನಂತೆಯೇ ನಮ್ಮ ಬೀದಿಯನ್ನು ಕೆತ್ತಿದ್ದೆ. ಎರಡು ಕಾರು, ಒಂದು ಬಸ್ ಸ್ಟಾಪ್, ನಟ್ಟನಡುವೆ ಅತ್ತೆ. ಹಿಂದಿನ ರಾತ್ರಿ ನೀನು ತೋರಿಸಿದಾಗ ಅವರು ಹಲಗೆಯನ್ನು ದೂರ ಹಿಡಿದು, “ನನ್ನ ಮೂಗು ಇಷ್ಟುದ್ದ ಅದ ಏನ? ಕೆತ್ತಿ ಒಗಿ ಇದನ್ನ” ಎಂದು ನಕ್ಕಿದ್ದರು.

ಮೇಜು ಒರೆಸಲು ಹೋದವಳು ಹಲಗೆ ಎತ್ತಿಕೊಂಡೆ. ಶಾಲೆಯ ಹಾಲ್‌ನಲ್ಲಿ ಬೇರೆ ತಾಯಂದಿರು ಇದರ ಮುಂದೆ ನಿಂತು, ಇದೇ ನಿಮ್ಮ ಮನೆಯಾ ಎಂದು ನಯವಾಗಿ ಕೇಳುವುದು ಕಣ್ಣಿಗೆ ಕಟ್ಟಿತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಸಿಟ್ಟು ಬಾರದ ಹಾಗೆ ಇರಲು ಕಲಿಸಲಿಲ್ಲ, ಸಿಟ್ಟು ಕಾಣದ ಹಾಗೆ ಇರಲು ಕಲಿಸಿದರು. ನಾನು ಚಾಕು ತಂದೆ. ಮೊದಲು ಕಾಲು, ಆಮೇಲೆ ಈಳಿಗೆ, ಆಮೇಲೆ ಮುಖ. ಅಚ್ಚಿನಲ್ಲಿ ಉಳಿಸಿದ್ದು ಕಪ್ಪಾಗುತ್ತದೆ, ಕೆತ್ತಿದ್ದು ಬಿಳಿಯಾಗುತ್ತದೆ, ಕೆತ್ತಿದ್ದನ್ನು ಮತ್ತೆ ತುಂಬಲಾಗದು—ಇದನ್ನು ನೀನೇ ನನಗೆ ಹೇಳಿಕೊಟ್ಟಿದ್ದೆ.

ನೀನು ಬಂದೆ, ನೋಡಿದೆ. ಅಜ್ಜಿಗೆ ಮೂಗು ಹಿಡಿಸಲಿಲ್ಲ, ಅದಕ್ಕೇ ಹೀಗೆ ಮಾಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೂಗಾಡಿದೆ. ನಾನು ಹಾಗೆಂದು ಹೇಳಿಕೊಡಲಿಲ್ಲ. ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಅತ್ತೆ ನೆಟ್ಟಗೆ ನಿಂತು ಹೇಳಿದರು: “ನಾ ಅದನ್ನ ಮುಟ್ಟೇ ಇಲ್ಲ.”

ಆಗ ನಾನು ಆಡಿದ ಮಾತು, ಅದೇ ಮೆತ್ತನೆಯ ದನಿಯಲ್ಲಿ: “ಹೋಗ್ಲಿ ಬಿಡಿ ಅತ್ತೆ. ಗೊತ್ತಾಗದೆ ಮಾಡಿದ್ದೀರ. ನಿಮ್ಮನ್ನ ಯಾರೂ ಏನೂ ಅನ್ನಲ್ಲ.”

ನನ್ನ ತಪ್ಪಿಗೆ ಅವರನ್ನು ಕ್ಷಮಿಸಿದೆ, ಅನಘಾ. ನನ್ನ ಉಗುರಿನ ಸಂದಿಯಲ್ಲಿ ಹಲಗೆಯ ಕಂದು ಪುಡಿ ಹಾಗೇ ಇತ್ತು. ಅವರು ಅದನ್ನು ನೋಡಿದರೋ, ಇಲ್ಲವೋ—

ಎಲ್ಲರೂ ನನ್ನನ್ನು ಸೌಮ್ಯ ಸ್ವಭಾವದವಳು ಎನ್ನುತ್ತಾರೆ. ಆ ಮಾತು ಕೇಳಿದರೆ ಈಗ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನೀನು ಆಫೀಸಿನ ಗೆಳತಿಯರನ್ನು ಊಟಕ್ಕೆ ಕರೆತಂದು, ಮೂಗಿನ ಕಥೆ ಹೇಳಿ ನಗಿಸಿದೆಯಲ್ಲ. ಇಷ್ಟು ವರ್ಷ ಮುಟ್ಟಿಲ್ಲ, ಮುಟ್ಟಿಲ್ಲ ಎನ್ನುತ್ತಿದ್ದ ಅತ್ತೆ ತಟ್ಟೆಯಿಂದ ತಲೆ ಎತ್ತದೆ, “ಹೌದವಾ, ನಾನ ಕೆತ್ತಿ ಒಗದೆ” ಎಂದರು. ಅವರಿಗೆ ನಿಜವಾಗಿಯೂ ಹಾಗೇ ಅನಿಸತೊಡಗಿದೆಯೋ, ಸಾಕಾಗಿಹೋಗಿದೆಯೋ. ಎರಡೂ ನನ್ನದೇ ಕೆಲಸ.

ಭಾನುವಾರ ನೀನು ಬಂದಾಗ ಅವರ ಎದುರಿಗೇ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಮೊದಲೇ ಬರೆದು ಕಳಿಸುತ್ತಿರುವುದು ಏಕೆಂದರೆ, ನಾನು ಮತ್ತೆ ಮೆತ್ತಗಾಗಿ ನುಣುಚಿಕೊಳ್ಳಲು ನೋಡಿದರೆ ನೀನು ಬಿಡಬಾರದು. ಕ್ಷಮಿಸು ಎಂದು ಕೇಳುವುದಿಲ್ಲ. ಆ ಪದವನ್ನು ಒಮ್ಮೆ ಹೊಲಸು ಮಾಡಿದ್ದೇನೆ.

ಆ ಸಂಜೆಯದು ಇನ್ನೊಂದು ಮಾತು ಉಳಿದಿದೆ. ನೀನು ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಅತ್ತೆ ಈಳಿಗೆಮಣೆಯನ್ನು ತಾವೇ ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದರು. ನಾನು ಕಸದ ಬಿನ್ ಅನ್ನು ರಸ್ತೆಯಂಚಿಗೆ ತಳ್ಳಿಕೊಂಡು ಬಂದೆ. ಪಕ್ಕದ ಮನೆಯ ಜಾನೆಟ್ ನಾಯಿಯನ್ನು ತಿರುಗಾಡಿಸಿಕೊಂಡು ವಾಪಸಾಗುತ್ತಿದ್ದಳು. ಖಾಲಿ ಡ್ರೈವ್‌ವೇ ಕಡೆಗೊಮ್ಮೆ ಕಣ್ಣು ಹಾಯಿಸಿ, ನಿಲ್ಲದೆಯೇ ಅಂದಳು: “ನಿಮ್ಮ ಮನೆ ಮುಂದೆ ಇವತ್ತು ಎಷ್ಟು ನೀಟಾಗಿ ಕಾಣ್ತಿದೆ.”