ಅಪ್ಪನ ಗಂಗಾಳದ ನುಗ್ಗೆ ತಪ್ಪಲ

ನಮ್ಮ ಮನೆಯವರ ಹೆಸರನ್ನು ನಾನು ಬಾಯಿಂದ ಹೇಳುವುದಿಲ್ಲ. ಇಲ್ಲಿ ಬರೆಯುತ್ತೇನೆ, ಮಹಾರುದ್ರಪ್ಪ. ಕಲ್ಯಾಣದಿಂದ ಹುಮನಾಬಾದಿನ ಅಡತಿ ಅಂಗಡಿಗೆ ತೊಗರಿ, ಬೆಲ್ಲ ಹೇರಿಕೊಂಡು ಬಂಡಿ ಹೊಡೆಯುವುದು ಅವರ ಕೆಲಸ. ಸೋಮವಾರ ಹೋದರೆ ಬುಧವಾರ ಸಂಜೆ ಬರುತ್ತಾರೆ. ಎತ್ತುಗಳ ಜೊತೆ ಆಡುವಷ್ಟು ಮಾತನ್ನೂ ನನ್ನ ಜೊತೆ ಆಡುವುದಿಲ್ಲ ಎಂದು ಮದುವೆಯ ಹೊಸತರಲ್ಲಿ ನಾನು ಅತ್ತದ್ದುಂಟು.

ಅವರು ತಪ್ಪಲ, ಅಂದರೆ ಸೊಪ್ಪಿನ ಪಲ್ಯ, ತಿನ್ನುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ತಪ್ಪಲ ಉಂಡು ವಾಂತಿ ಮಾಡಿಕೊಂಡಿದ್ದರಂತೆ. ಅಂದಿನಿಂದ ಅತ್ತೆಯವರು ಮಗನ ಗಂಗಾಳದ ಹತ್ತಿರ ಹಸಿರು ಸುಳಿಯಗೊಟ್ಟಿರಲಿಲ್ಲ. ಅವನಿಗೆ ಬೇಳೆ, ಮೊಸರು; ತಪ್ಪಲ ನಮಗೆ ಎಂದು ನಾನು ಬಂದ ವಾರವೇ ಹೇಳಿಕೊಟ್ಟಿದ್ದರು. ನಮ್ಮಲ್ಲಿ ಗಂಡಸರು ಮೊದಲು ಉಣ್ಣುತ್ತಾರೆ. ಮಗು ಅಪ್ಪನ ಮಗ್ಗುಲಲ್ಲಿ ಕೂತು ಅದೇ ಗಂಗಾಳದಲ್ಲಿ ಉಣ್ಣುತ್ತದೆ. ಆಮೇಲೆ ಅದೇ ಗಂಗಾಳಕ್ಕೆ ನಾನು ಕೂರುತ್ತೇನೆ. ಹೀಗಾಗಿ ನಮ್ಮ ಸುಮನಾ ನಾಲ್ಕು ತುಂಬಿದರೂ ತಪ್ಪಲ ರುಚಿ ಕಂಡಿರಲಿಲ್ಲ. ನಾನು ತುತ್ತು ಮಾಡಿದರೆ, ಅಪ್ಪ ತಿನ್ನಂಗಿಲ್ಲ ಎಂದು ಮುಖ ತಿರುಗಿಸುತ್ತಿದ್ದಳು.

ಹೋದ ವರ್ಷ, ೧೯೪೩ರ ಶ್ರಾವಣದಲ್ಲಿ, ದೀಪ ಹಚ್ಚುವ ಹೊತ್ತಿಗೆ ಅವಳು ಹೊಸ್ತಿಲಿಗೆ ಎಡವತೊಡಗಿದಳು. ಅತ್ತೆಯವರು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಒಂದು ಸಂಜೆ ಅಪ್ಪ ಎದುರಿಗೇ ಕೈ ಚಾಚಿ ನಿಂತಿದ್ದರೂ ಅವಳು ಗೋಡೆ ಸವರುತ್ತ, "ಅಪ್ಪಾ, ಎಲ್ಲಿದ್ದಿ?" ಎಂದಳು. ಮರುದಿನ ಬೆಳಿಗ್ಗೆಯೇ ಇವರು ನಮ್ಮಿಬ್ಬರನ್ನೂ ಬಂಡಿಯಲ್ಲಿ ಕೂಡಿಸಿಕೊಂಡು ಹುಮನಾಬಾದಿಗೆ ಹೊರಟರು.

ಹಕೀಮ ಅಬ್ದುಲ್ ಕರೀಂ ಸಾಹೇಬರು ರೆಪ್ಪೆ ಎತ್ತಿ ನೋಡಿದರು. ಇರುಳುಗಣ್ಣು, ಹೀಗೇ ಬಿಟ್ಟರೆ ಹಗಲೂ ಕಾಣದಂತಾದೀತು, ದಿನಾ ನುಗ್ಗೆ ತಪ್ಪಲನ್ನು ತುಪ್ಪದಲ್ಲಿ ತಾಳಿಸಿ ತಿನ್ನಿಸಿ ಎಂದರು. ಅವಳು ತಿನ್ನುವುದಿಲ್ಲ, ಅವಳ ಅಪ್ಪನೂ ತಿನ್ನುವುದಿಲ್ಲ ಎಂದೆ. ಹಕೀಮರು ಇವರ ಕಡೆ ತಿರುಗಿದರು.

"ಹಂಗಾದ್ರ ದವಾ ನಿಮಗೇ ಕೊಡಬೇಕಾಯ್ತಲ್ರಿ."

ಇವರು ತಲೆ ತಗ್ಗಿಸಿ ಪೇಟ ಸರಿಮಾಡಿಕೊಂಡರು.

ಮನೆಗೆ ಬಂದು ನಾನು ತಪ್ಪಲ ಹೆಚ್ಚಿ ಹಿಟ್ಟಿನಲ್ಲಿ ಕಲಸಿ ರೊಟ್ಟಿ ಬಡಿದೆ. ಸುಮನಾ ಒಂದೊಂದೇ ಹಸಿರು ಚೂರು ಹೆಕ್ಕಿ ಅಂಚಿಗಿಟ್ಟಳು. ನಾನು ಗದರಿದೆ, ಅವಳು ಅತ್ತಳು, ಕೊನೆಗೆ ನಾನೂ ಅತ್ತೆ. ಸೋಮವಾರ ಬುತ್ತಿ ಕಟ್ಟುವಾಗ ಇವರು ನುಗ್ಗೆ ಪಲ್ಯ ಹಾಕೆಂದರು. ಜೊತೆಗೆ ಬಂಡಿ ಹೊಡೆಯುವ ಸೂರ್ಯಕಾಂತನಿಗೆ ಇರಬೇಕು ಎಂದುಕೊಂಡೆ.

ಬುಧವಾರ ಸೂರ್ಯಕಾಂತ ನಮ್ಮ ಬಾಗಿಲಲ್ಲಿ ನಿಂತು ನಕ್ಕ.

"ವೈನಿ, ನುಗ್ಗಿ ಗಿಡಾ ಕಂಡಲ್ಲೆಲ್ಲಾ ಬಂಡಿ ನಿಲ್ಲಸ್ಯಾರ ನೋಡ್ರಿ. ಎತ್ತ ಮೆಂದಂಗ ಮೇಯೋದು, 'ನನ್ನ ಮಾರಿ ಹ್ಯಾಂಗದ ನೋಡು' ಅಂತ ನನ್ನ ಕೇಳೋದು. ನೋಡಿ ನೋಡಿ ನನಗಽ ಸಾಕಾತು."

ಮರುದಿನ ಊಟಕ್ಕೆ ಕೂತಾಗ ಇವರು ತಪ್ಪಲ ಹಾಕೆಂದರು. ಅತ್ತೆಯವರು ನನ್ನ ಕೈ ಹಿಡಿದರು.

"ಬ್ಯಾಡೋ ಮಗನ, ನಿನಗ ಸೇರಂಗಿಲ್ಲ."

"ಸೇರತದವ್ವ. ಹಾಕಲಿ ಬಿಡು."

ಉಂಡರು. ಹುಬ್ಬು ಅಲುಗಲಿಲ್ಲ. ಆಚೆ ಬದಿಯ ಕಣ್ಣಂಚಿನಲ್ಲಿ ಮಾತ್ರ ನೀರಿತ್ತು, ಅದು ಈಚೆ ಮಗ್ಗುಲಲ್ಲಿ ಕೂತ ಮಗುವಿಗೆ ಕಾಣಲಿಲ್ಲ. ಸುಮನಾ ಅಪ್ಪನ ಮುಖವನ್ನೇ ನೋಡಿದಳು, ತಿನ್ನಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅಪ್ಪನ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಡೆದು, ತನಗೂ ಬೇಕೆಂದಳು. ಅತ್ತೆಯವರು ಎದ್ದು ಹಿತ್ತಲಿಗೆ ಹೋದರು. ಸೆರಗಿನ ತುಂಬ ನುಗ್ಗೆ ತಪ್ಪಲ ಹರಿದುಕೊಂಡು ಬಂದು ಸೋಸಲು ಕೂತರು.

ದಸರೆಗೆ ಇನ್ನೂ ವಾರವಿತ್ತು. ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಅಂಗಳದಿಂದ ಸುಮನಾ ಅಪ್ಪನ ಬಂಡಿ ಬಂತೆಂದು ಕೂಗಿದಳು. ಗೆಜ್ಜೆ ಸದ್ದು ಕೇಳಿ ಹೇಳುತ್ತಿದ್ದಾಳೆ ಎಂದುಕೊಂಡೆ.

"ಅವ್ವಾ, ಅಪ್ಪ ಎತ್ತ ಅದಲಿಬದಲಿ ಹೂಡ್ಯಾನ. ಬಿಳೀದು ಈ ಕಡಿಗದ."

ಹೊರಗೆ ಬಂದು ನೋಡಿದೆ. ಹೌದು, ಬಿಳಿಯ ಎತ್ತು ಈ ಬದಿಗಿತ್ತು. ಕೈಯಲ್ಲಿದ್ದ ಹಿಟ್ಟು ತೊಳೆಯುವುದನ್ನೂ ಮರೆತು ಅಲ್ಲೇ ಕೂತುಬಿಟ್ಟೆ.

ಆವತ್ತಿನಿಂದ ಅವರಿಗೊಂದು ಮಾತು ಹೇಳಬೇಕೆಂದಿದ್ದೇನೆ. ಎದುರಿಗೆ ನಿಂತರೆ ಬಾಯಿ ಬರುವುದಿಲ್ಲ. ನಿನ್ನೆ ಸುಮನಾ ಊಟಕ್ಕೆ ಮೊದಲೇ ನಿದ್ದೆ ಹೋಗಿದ್ದಳು. ಇವರು ಅವಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮಲಗ್ಯಾಳಲ್ಲ? ಹಂಗಾದ್ರ ನನಗ ಮೊಸರು ಹಾಕು."

ಬಡಿಸಿದ್ದ ತಪ್ಪಲ ಗಂಗಾಳದ ಅಂಚಿನಲ್ಲೇ ಉಳಿಯಿತು. ಅವರು ಕೈ ತೊಳೆಯಲು ಎದ್ದ ಮೇಲೆ ನಾನು ಆ ಗಂಗಾಳಕ್ಕೆ ಕೂತು, ಒಂದು ಎಲೆಯನ್ನೂ ಬಿಡದೆ ಉಂಡೆ.