ಟೀಚರ್ ಕೇಳದ ಪಾಸ್‌ವರ್ಡ್

ಮೊನ್ನೆ ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವರು ಸಿಪಿಯು ಮುಚ್ಚಳ ತೆಗೆದಾಗ ಬಿಸಿಯಾದ ಧೂಳಿನ ವಾಸನೆ ಕೋಣೆಯೆಲ್ಲ ಹರಡಿತು. ಫಳ್ನೀರು ರಸ್ತೆಯ ಆ ಮಹಡಿ, ಕಿಟಕಿಯಿಲ್ಲದ ಆ ಕ್ಲಾಸು, ನಮ್ಮ ಕಂಪ್ಯೂಟರ್ ಟೀಚರ್, ಎಲ್ಲವೂ ನೆನಪಾಯಿತು.

ಪಿಯುಸಿ ಮುಗಿದ ಮೇಲೆ, ಮದುವೆ ಗೊತ್ತಾಗುವವರೆಗೆ ಹೊತ್ತು ಹೋಗಲಿ ಎಂದು ಮನೆಯವರು ನನ್ನನ್ನು ಅಲ್ಲಿಗೆ ಕಳುಹಿಸಿದ್ದರು. ದುಬೈ ಹುಡುಗನ ಕಡೆಯವರು ಆಗಲೇ ಬಂದು ನೋಡಿ ಹೋಗಿದ್ದರು.

ಟೀಚರ್ ಮಾತು ಕಡಿಮೆ. ಮೊದಲ ದಿನವೇ ಒಬ್ಬೊಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿಸಿದರು. ಪರದೆಯ ಹಿನ್ನೆಲೆ ಚಿತ್ರ, ಅಕ್ಷರದ ಗಾತ್ರ, ಬಣ್ಣ ಎಲ್ಲ ನಮ್ಮಿಷ್ಟ. ಪಾಸ್‌ವರ್ಡ್ ಹಾಕುವಾಗ ಅವರು ಮುಖ ಆಚೆ ತಿರುಗಿಸಿ, "ಮನೆಯಲ್ಲಿ ನಿನಗೊಂದು ಕೋಣೆ ಉಂಟಾ? ಇಲ್ಲವಲ್ಲ. ಇಲ್ಲಿಯಾದರೂ ಒಂದು ಇರಲಿ ಮಾರಾಯ್ತಿ" ಎಂದಿದ್ದರು. ಬ್ರೌಸರ್ ಕಲಿಸುವಾಗ, ಮೇಲಿನ ವಿಳಾಸ ಓದದೆ ಎಲ್ಲಿಯೂ ಒತ್ತಬಾರದು ಎಂದರು. ನಾವು ಹೋದ ದಾರಿಯನ್ನೆಲ್ಲ ಹಿಸ್ಟರಿ ನೆನಪಿಟ್ಟುಕೊಳ್ಳುತ್ತದೆ ಎಂದು ತೋರಿಸಿದರು. ನನ್ನ ಹಿಸ್ಟರಿಯಲ್ಲಿ ಇದ್ದದ್ದು ಒಂದೇ ದಾರಿ, ಫಿಸಿಯೋಥೆರಪಿ ಕಾಲೇಜಿನದು. ಮನೆಗೆ ತಿಳಿಸದೆ ಅರ್ಜಿ ಹಾಕಿದ್ದೆ.

ನಾನು ಕಂಪ್ಯೂಟರ್ ಮುಂದೆ ಒಬ್ಬಳೇ ನಗುತ್ತಿರುತ್ತೇನೆಂದು ಯಾರೋ ಅಣ್ಣನ ಕಿವಿಗೆ ಹಾಕಿದರು. ಅವನು ಬಜಪೆ ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದ.

"ಇವಳು ಇದರಲ್ಲಿ ಎಂತ ನೋಡ್ತಾಳೆ? ತೋರಿಸಿ."

"ಅದು ಅವಳ ಅಕೌಂಟ್" ಎಂದರು ಟೀಚರ್.

"ಕ್ಲಾಸು ನಿಮ್ಮದಲ್ವಾ? ನಿಮಗೆ ತೆಗೀಲಿಕ್ಕೆ ಆಗುದಿಲ್ವಾ?"

"ಆಗ್ತದೆ. ತೆಗೆಯುವುದಿಲ್ಲ."

"ಹಾಗಾದ್ರೆ ಒಳಗೆ ಎಂತದ್ದೋ ಉಂಟು!"

"ಇರಬಹುದು. ನಾನು ಕೇಳಲಿಲ್ಲ."

ಅಣ್ಣ ಮೇಜಿಗೆ ಗುದ್ದಿದ. ಕೀಬೋರ್ಡ್ ಜಾರಿ ವಯರಿನಲ್ಲಿ ನೇತಾಡಿತು. ಹುಡುಗಿಯರೆಲ್ಲ ಗೋಡೆಗೆ ಸರಿದರು. ಟೀಚರ್ ಮಾತ್ರ ಬಂದು ನನಗೂ ಅವನಿಗೂ ನಡುವೆ ನಿಂತರು. ಬೆನ್ನ ಹಿಂದಕ್ಕೆ ಒಂದು ಕೈ ಚಾಚಿ ನನ್ನ ಕುರ್ಚಿಯನ್ನು ಹಿಡಿದುಕೊಂಡರು.

ಆ ಕೈ ನೋಡಿಯೇ ಇರಬೇಕು, ನನ್ನ ಬಾಯಿ ತೆರೆಯಿತು. "ಹುಡುಗ ಯಾರೂ ಇಲ್ಲ ಅಣ್ಣ. ಕಾಲೇಜಿಗೆ ಅರ್ಜಿ ಹಾಕಿದ್ದೇನೆ. ನನಗೆ ಓದಬೇಕು."

ಅಣ್ಣ ನೇತಾಡುತ್ತಿದ್ದ ಕೀಬೋರ್ಡನ್ನು ಎತ್ತಿ ಮೇಜಿನ ಮೇಲಿಟ್ಟ. "ಕಾರು ಹತ್ತು" ಎಂದ.

ಕೂಳೂರು ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅಣ್ಣ ಸ್ಟೀರಿಂಗ್ ಬಿಗಿಹಿಡಿದು ಮುಂದಿನ ಲಾರಿಯನ್ನೇ ನೋಡುತ್ತಿದ್ದ.

"ಸೀಟು ಸಿಗ್ತದಾ?"

"ಗೊತ್ತಿಲ್ಲ."

"ಅಪ್ಪನಿಗೆ ಯಾರು ಹೇಳುದು?"

ಸೇತುವೆ ದಾಟಿದ ಮೇಲೆ ಅವನೇ ಹೇಳಿದ: "ನಾನು ಹೇಳ್ತೇನೆ. ನೀನು ಸೀದಾ ಒಳಗೆ ಹೋಗು."

ಅಂದು ಅಪ್ಪನ ಬೈಗುಳವನ್ನೆಲ್ಲ ತಿಂದವನು ಅವನೇ.

ಸೀಟು ಸಿಕ್ಕಿತು, ದುಬೈ ಸಂಬಂಧ ಅಲ್ಲಿಗೇ ನಿಂತಿತು. ಟೀಚರಿಗೆ ಹೇಳಲು ಓಡಿಹೋದರೆ ಕ್ಲಾಸು ಅರ್ಧ ಖಾಲಿ. ಹುಡುಗಿಯರ ಗುಟ್ಟು ಮುಚ್ಚಿಡುವ ಟೀಚರ್ ಎಂದು ಸುದ್ದಿ ಹಬ್ಬಿ, ಮನೆಯವರು ಮಕ್ಕಳನ್ನು ಬಿಡಿಸಿಕೊಂಡಿದ್ದರು. "ಒಳ್ಳೆದಾಯ್ತು. ನಿನ್ನ ಅಕೌಂಟ್ ಅಳಿಸಿ ಹೋಗು" ಎಂದು ಟೀಚರ್ ಎಂದಿನಂತೆ ಆಚೆ ತಿರುಗಿ ನಿಂತರು.

ಆಮೇಲೆ ಓದು, ಕೆಲಸ, ಮಕ್ಕಳು... ಹೋಗಬೇಕು ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳು ಸರಿದವು.

ಮೊನ್ನೆ ಕಂಪ್ಯೂಟರ್ ಕೆಟ್ಟ ದಿನವೇ ಡ್ಯೂಟಿ ಮುಗಿಸಿ ಫಳ್ನೀರಿಗೆ ನಡೆದೆ. ಮಹಡಿಯಲ್ಲಿ ಈಗ ಹಲ್ಲಿನ ಕ್ಲಿನಿಕ್. ಕೆಳಗಿನ ಟೈಲರ್ ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. "ಟೀಚರಾ? ಅವರು ತೀರಿಹೋದ್ರಲ್ಲ. ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯ್ತು, ಆದ್ರೆ ಮತ್ತೆ ಎದ್ದು ನಡೀಲಿಕ್ಕೆ ಆಗ್ಲೇ ಇಲ್ಲ."

ಅಂಥವರನ್ನು ಎಬ್ಬಿಸಿ ನಡೆಸುವುದೇ ನನ್ನ ದಿನದ ಕೆಲಸ. ನಮ್ಮ ಆಸ್ಪತ್ರೆ ಅಲ್ಲಿಂದ ಎರಡು ತಿರುವಿನಾಚೆ. ಟೀಚರ್ ಹೇಳಿ ಕಳುಹಿಸಿರಲಿಲ್ಲ. ನಾನೂ ಹೋಗಿ ಕೇಳಿರಲಿಲ್ಲ.